ಅಂಗೈ ರೈಲಿಗೆ ಅಕ್ಕಸಾಲಿಗನ ಹತಾರ

ಸಂಜೆ ಶಾಲೆ ಬಿಟ್ಟ ಮೇಲೆ ಹೊನ್ನಾವರದಲ್ಲಿ ಶರಾವತಿಯ ದಂಡೆಗೆ ಬಂದು ನಿಲ್ಲುವ ಮಕ್ಕಳಿಗೆ ಒಂದು ಆಟ ಗೊತ್ತು. ರೈಲು ಸೇತುವೆಯ ಮೇಲೆ ಗಾಡಿ ಕಾಣಿಸಿದ ಕೂಡಲೇ ಡಬ್ಬಿ ಎಣಿಸುವುದು. ಪ್ರಯಾಣಿಕರ ಗಾಡಿಯಾದರೆ ಎಣಿಕೆ ಸುಲಭ. 'ರೋ-ರೋ' ಗಾಡಿ ಬಂದರೆ ಮಜಾ ಹೆಚ್ಚು. ಚಪ್ಪಟೆ ವ್ಯಾಗನ್‌ಗಳ ಮೇಲೆ ಸರಕು ತುಂಬಿದ ಲಾರಿಗಳು ಸಾಲಾಗಿ ಕುಳಿತು, ತಾವೇ ಪ್ರಯಾಣಿಕರಂತೆ ನದಿ ದಾಟುತ್ತವೆ. ಎಣಿಸಲು ಸಮಯವೂ ಧಾರಾಳ. 2065 ಮೀಟರ್ ಉದ್ದದ ಈ ಸೇತುವೆ ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು.

ಈ ಮಕ್ಕಳ ಅಜ್ಜಂದಿರಿಗೆ ಬಾಲ್ಯದಲ್ಲಿ ಈ ಆಟವಿರಲಿಲ್ಲ. ರೈಲು ನೋಡಬೇಕೆಂದರೆ ಘಟ್ಟ ಹತ್ತಿ ತಾಳಗುಪ್ಪಕ್ಕೋ, ಕಡಲ ಬದಿಯ ರಸ್ತೆ ಹಿಡಿದು ಮಂಗಳೂರಿಗೋ ಹೋಗಬೇಕಿತ್ತು. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಜಾರ್ಜ್ ಫರ್ನಾಂಡಿಸ್ ಅವರ ಹಟ, ಇ. ಶ್ರೀಧರನ್ ಅವರ ನೇತೃತ್ವ ಎರಡೂ ಕೂಡಿ 1998ರ ಜನವರಿ 26ರಂದು ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಮಾರ್ಗ ಪೂರ್ತಿಯಾಗಿ ತೆರೆದುಕೊಂಡಿತು. ಈಗ ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಿಗೆ ಹಿತ್ತಿಲಾಚೆಯೇ ಹಳಿ. ಹಿತ್ತಿಲಾಚೆ ಓಡುವುದನ್ನು ಮೇಜಿನ ಮೇಲೂ ಓಡಿಸಬೇಕೆಂಬ ಆಸೆ ಮಕ್ಕಳಲ್ಲಿ ಹುಟ್ಟುವುದು ಸಹಜವೇ.

ಈ ಹವ್ಯಾಸಕ್ಕೆ ಮಾದರಿ ರೈಲು ನಿರ್ಮಾಣ ಎಂದು ಹೆಸರು. ಸೆಲ್ ಹಾಕಿ ಓಡಿಸುವ ಆಟಿಕೆಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಎಂಜಿನ್, ಡಬ್ಬಿ, ಹಳಿ, ನಿಲ್ದಾಣ, ಗುಡ್ಡ, ಸುರಂಗ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿರಬೇಕು, ಮತ್ತು ಬಹಳಷ್ಟನ್ನು ಕೈಯಾರೆ ಮಾಡಿರಬೇಕು. ಕೈಯಾರೆ ಮಾಡಲು ಹೊರಟಾಗ ಬರುವ ಮೊದಲ ಪ್ರಶ್ನೆಯೇ ಹತಾರದ್ದು. ಯಾವುದನ್ನು ಕೊಳ್ಳಬೇಕು? ಎಲ್ಲಿ? ಯಾವುದನ್ನು ಕೊಳ್ಳಬಾರದು?

ಅಟ್ಟ ಸೇರುವ ರೈಲು

ಭಟ್ಕಳದಲ್ಲಿ ಕೊಲ್ಲಿ ದೇಶದ ನಂಟಿಲ್ಲದ ಬೀದಿ ಅಪರೂಪ. ರಜೆಗೆಂದು ಊರಿಗೆ ಬರುವ ಮಾವನೋ ಚಿಕ್ಕಪ್ಪನೋ ದುಬೈಯಿಂದ ಒಂದು ರೈಲು ಸೆಟ್ ತಂದುಕೊಟ್ಟರೆಂದು ಇಟ್ಟುಕೊಳ್ಳಿ. ಮೊಟ್ಟೆಯಾಕಾರದ ಹಳಿ, ಒಂದು ಎಂಜಿನ್, ಮೂರು ಡಬ್ಬಿ, ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ. ಮೊದಲ ವಾರ ಬೀದಿಯ ಮಕ್ಕಳೆಲ್ಲ ಮನೆಯಲ್ಲಿ. ಎರಡನೆಯ ವಾರ ಒಂದು ಡಬ್ಬಿ ಪ್ರತಿ ಸುತ್ತಿಗೂ ಅದೇ ತಿರುವಿನಲ್ಲಿ ಹಳಿ ತಪ್ಪುತ್ತದೆ. ಮೂರನೆಯ ವಾರ ಹಳಿಯ ಜೋಡಣೆ ಸಡಿಲವಾಗಿ ಎಂಜಿನ್ ತಡವರಿಸುತ್ತದೆ. ಹುಡುಗ ಅಪ್ಪನ ಕಟಿಂಗ್ ಪ್ಲೈಯರ್ ತಂದು ಹಳಿಯ ತುದಿಯನ್ನು ಹಿಸುಕುತ್ತಾನೆ, ಅಮ್ಮನ ಬಟ್ಟೆ ಕತ್ತರಿಯಿಂದ ಪ್ಲಾಸ್ಟಿಕ್ಕನ್ನು ಕತ್ತರಿಸುತ್ತಾನೆ, ಅಡುಗೆಮನೆಯ ಚಾಕುವಿನ ತುದಿಯಿಂದ ಸ್ಕ್ರೂ ತಿರುಗಿಸುತ್ತಾನೆ. ಸ್ಕ್ರೂವಿನ ತಲೆ ಸವೆದು ನುಣ್ಣಗಾಗುತ್ತದೆ. ತಿಂಗಳು ಮುಗಿಯುವುದರೊಳಗೆ ರೈಲು ಡಬ್ಬಿ ಸೇರಿ ಅಟ್ಟ ಹತ್ತುತ್ತದೆ. 'ಇವನ ಕೈಗೆ ಏನು ಕೊಟ್ಟರೂ ಅಷ್ಟೇ' ಎಂಬ ಮಾತು ಮನೆಯಲ್ಲಿ ಉಳಿಯುತ್ತದೆ.

ಹಿರಿಯರು ಯೋಚಿಸಬೇಕಾದ ಜಾಗ ಇದು. ಹಳಿಯ ತುದಿಯನ್ನು ಹಾಳು ಮಾಡಿದ್ದು ಹುಡುಗನ ಕೈಯಲ್ಲ, ಆ ಪ್ಲೈಯರ್. ದಪ್ಪ ವಿದ್ಯುತ್ ತಂತಿ ಕತ್ತರಿಸಲು ಮಾಡಿದ ಹತಾರವದು. ಆದರೆ ಹತ್ತು ಹನ್ನೆರಡು ವರ್ಷದ ಮಗುವಿಗೆ ಇದನ್ನು ಬೇರ್ಪಡಿಸಿ ನೋಡಲು ಬರುವುದಿಲ್ಲ. ಕೆಲಸ ಕೆಟ್ಟರೆ ತನ್ನ ಕೈಯೇ ಕೆಟ್ಟದ್ದೆಂದು ಅದು ನಂಬಿಬಿಡುತ್ತದೆ. ಆ ನಂಬಿಕೆ ಮುಂದೆ ಪ್ರಯೋಗಾಲಯಕ್ಕೂ ಬರುತ್ತದೆ, ಸೈಕಲ್ ರಿಪೇರಿಗೂ ಬರುತ್ತದೆ. ಮಕ್ಕಳಿಗೆ ಕಳಪೆ ಹತಾರ ಕೊಡುವುದು ಉಳಿತಾಯವಲ್ಲ ಎನ್ನಲು ಇದೇ ಮುಖ್ಯ ಕಾರಣ.

ಮಕ್ಕಳಿಗಾಗಿ ಹತಾರ ಹಿಡಿದು ಕುಳಿತ ಅಪ್ಪನೊಬ್ಬನ ಕಥೆ ಇಲ್ಲಿ ನೆನಪಾಗುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮಾಂಸ ಆಮದು ಮಾಡುವ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ ಫ್ರಾಂಕ್ ಹಾರ್ನ್‌ಬಿ ತನ್ನ ಗಂಡುಮಕ್ಕಳ ಆಟಕ್ಕೆಂದು ಮನೆಯಲ್ಲೇ ಲೋಹದ ಪಟ್ಟಿಗಳನ್ನು ಕತ್ತರಿಸಿ ತೂತು ಕೊರೆದು ಬೋಲ್ಟ್ ಹಾಕಿ ಜೋಡಿಸುತ್ತಿದ್ದ. 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದೇ ಮುಂದೆ 'ಮೆಕ್ಯಾನೊ' ಆಯಿತು. 1920ರಲ್ಲಿ ಆತನ ಹೆಸರಿನ ಮಾದರಿ ರೈಲುಗಳು ಬಂದವು. ಇಂದಿಗೂ ಆ ಹೆಸರು ಈ ಹವ್ಯಾಸದ ದೊಡ್ಡ ಹೆಸರುಗಳಲ್ಲೊಂದು.

ಮೊದಲು ಅಳತೆ, ಆಮೇಲೆ ಅಂಗಡಿ

ಹತಾರದ ಗಾತ್ರ ನಿರ್ಧಾರವಾಗುವುದು ರೈಲಿನ ಪ್ರಮಾಣದಿಂದ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ 'ಎಚ್‌ಓ' ಮಾದರಿಯಲ್ಲಿ ನಿಜವಾದ ವಸ್ತು 87 ಪಟ್ಟು ಕುಗ್ಗಿರುತ್ತದೆ. ಅದರ ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇನ್ನೂ ಚಿಕ್ಕದಾದ 'ಎನ್' ಮಾದರಿಯಲ್ಲಿ ಹಳಿಗಳ ಅಂತರ 9 ಮಿ.ಮೀ. ಮಾತ್ರ. ಹೊಸಬರಿಗೆ ಎಚ್‌ಓ ಒಳ್ಳೆಯದು. ಎನ್ ಮಾದರಿಯ ಕೆಲಸಕ್ಕೆ ಬೇಕಾದ ತಾಳ್ಮೆ ದೊಡ್ಡವರಲ್ಲೇ ಕಡಿಮೆ.

ಇಲ್ಲೊಂದು ಸ್ವಾರಸ್ಯವಿದೆ. ಎಚ್‌ಓ ಹಳಿ ಯುರೋಪಿನ 1435 ಮಿ.ಮೀ. ಅಳತೆಯ ಹಳಿಯನ್ನು ಕುಗ್ಗಿಸಿ ಮಾಡಿದ್ದು; 1435ನ್ನು 87ರಿಂದ ಭಾಗಿಸಿದರೆ 16.5 ಬರುತ್ತದೆ. ನಮ್ಮ ಬ್ರಾಡ್‌ಗೇಜ್ ಹಳಿಯ ಅಂತರ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ದಾಟುತ್ತದೆ, ಪೇಟೆಯಲ್ಲಿ ಸಿಗುವ ಹಳಿಗೆ ಹೊಂದುವುದಿಲ್ಲ. ಆದರೆ 100ರಿಂದ ಭಾಗಿಸಿ ನೋಡಿ: 16.76 ಮಿ.ಮೀ.! ಅಂದರೆ ಎಚ್‌ಓ ಹಳಿಯನ್ನೇ ಕೊಂಡು, ಅದರ ಮೇಲಿನದ್ದನ್ನೆಲ್ಲ 1:100 ಪ್ರಮಾಣದಲ್ಲಿ ಮಾಡಿದರೆ ನಮ್ಮ ಕೊಂಕಣ ರೈಲು ಸರಿಯಾಗಿ ಕೂರುತ್ತದೆ. ವ್ಯತ್ಯಾಸ ಕಾಲು ಮಿಲಿಮೀಟರ್ ಮಾತ್ರ. ಲೆಕ್ಕವೂ ಸುಲಭ: ನಿಜದ ಒಂದು ಮೀಟರ್ ಮಾದರಿಯ ಒಂದು ಸೆಂಟಿಮೀಟರ್. 21.3 ಮೀಟರ್ ಉದ್ದದ ಹಳೆಯ ಐಸಿಎಫ್ ಡಬ್ಬಿ 21.3 ಸೆಂ.ಮೀ. ಆಗುತ್ತದೆ. ಶರಾವತಿ ಸೇತುವೆಯನ್ನು ಪೂರ್ತಿ ಕಟ್ಟಹೊರಟರೆ ಮಾತ್ರ 20 ಮೀಟರ್ 65 ಸೆಂ.ಮೀ. ಜಾಗ ಬೇಕು. ಮನೆಯ ಜಗಲಿ ಸಾಲದು, ಶಾಲೆಯ ಕಾರಿಡಾರೇ ಆಗಬೇಕು.

ಕೊಂಕಣ ಮಾರ್ಗದ ಇನ್ನೊಂದು ಅನುಕೂಲವೆಂದರೆ ಇಲ್ಲಿ ಬಹುಪಾಲು ಒಂಟಿ ಹಳಿ. ಎದುರಿನ ಗಾಡಿಗೆ ದಾರಿಬಿಡಲು ನಿಲ್ದಾಣದಲ್ಲಿ ಲೂಪ್ ಲೈನು. ಒಂದು ಹಳಿ, ಒಂದು ಲೂಪು, ಎರಡು ಪಾಯಿಂಟು ಇದ್ದರೆ ಮಾದರಿ ನಿಲ್ದಾಣವೊಂದು ಸಿದ್ಧ.

ಹಲ್ಲಿನ ಲೆಕ್ಕ

ಇಪ್ಪತ್ತೈದು ಮೂವತ್ತು ಹತಾರಗಳನ್ನು ಚೆಂದದ ಪೆಟ್ಟಿಗೆಯಲ್ಲಿ ಜೋಡಿಸಿ 'ಹಾಬಿ ಕಿಟ್' ಎಂದು ಮಾರುವುದುಂಟು. ನೋಡಿದರೆ ಯಾವ ಮಗುವಿಗೂ ಆಸೆಯಾಗುತ್ತದೆ. ಕೊಳ್ಳದಿರುವುದೇ ಲೇಸು. ಅದರಲ್ಲಿ ಬೇಕಾದದ್ದು ಐದಾರು, ಉಳಿದವು ಜಾಗ ತುಂಬಿಸಲು. ಬೇಕಾದ ಐದಾರರ ಉಕ್ಕೂ ಸಾಮಾನ್ಯವಾಗಿ ಮೆದು. ಮುಂದಿರುವ ಕೆಲಸಕ್ಕೆ ಬೇಕಾದ ಒಂದೇ ಹತಾರವನ್ನು ಚೆನ್ನಾಗಿರುವುದನ್ನೇ ನೋಡಿ ಕೊಳ್ಳುವುದು, ಮುಂದಿನ ಕೆಲಸ ಬಂದಾಗ ಮುಂದಿನದು. ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು ಎಂದು ಕೊಡಿಸಿದರೂ ಎರಡು ವರ್ಷದಲ್ಲಿ ಪೆಟ್ಟಿಗೆ ತುಂಬುತ್ತದೆ.

ಮೊದಲ ಕೆಲಸ ಹಳಿ ಕತ್ತರಿಸುವುದು. ವಿದೇಶಗಳಲ್ಲಿ ಇದಕ್ಕೆಂದೇ 'ಟ್ರ್ಯಾಕ್ ಕಟರ್' ಎಂಬ ಇಕ್ಕಳ ಸಿಗುತ್ತದೆ. ಅದರ ಬಾಯಿಯ ಒಂದು ಬದಿ ಪೂರ್ತಿ ಚಪ್ಪಟೆ. ಆ ಬದಿಯ ಹಳಿ ನೇರವಾಗಿ ತುಂಡಾಗುತ್ತದೆ, ಹಿಸುಕಿದ ಗುರುತೆಲ್ಲ ಇನ್ನೊಂದು ಬದಿಯ ಬೇಡದ ತುಂಡಿಗೆ ಹೋಗುತ್ತದೆ. ಒಳ್ಳೆಯ ಹತಾರವೇ. ಆದರೆ ಹಿತ್ತಾಳೆ, ನಿಕ್ಕಲ್ ಸಿಲ್ವರ್‌ನಂಥ ಮೆದು ಲೋಹಕ್ಕೆ ಮಾತ್ರ. ಒಮ್ಮೆ ಉಕ್ಕಿನ ತಂತಿ ಕತ್ತರಿಸಿದರೆ ಬಾಯಿಯ ಅಂಚು ಮುರಿಯುತ್ತದೆ. ತರಿಸಲು ಅಂಚೆ ವೆಚ್ಚ, ಸುಂಕ ಎಲ್ಲ ಸೇರಿದರೆ ರೈಲಿಗಿಂತ ಇಕ್ಕಳವೇ ಭಾರ.

ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವ ಹತಾರ ನಮ್ಮ ಪೇಟೆಯಲ್ಲೇ ಇದೆ. ಕುಮಟಾದ್ದಾಗಲಿ ಹೊನ್ನಾವರದ್ದಾಗಲಿ, ಯಾವುದೇ ಅಕ್ಕಸಾಲಿಗರ ಅಂಗಡಿಯಲ್ಲಿ ಕೆಲಸಗಾರರ ಮುಂದೆ ನೋಡಿ. 'ಯು' ಆಕಾರದ ಚೌಕಟ್ಟಿಗೆ ಕೂದಲಿನಂಥ ಅಲಗು ಬಿಗಿದ ಪುಟ್ಟ ಗರಗಸ ಕಾಣುತ್ತದೆ. ಪದಕದೊಳಗಿನ ಹೂಬಳ್ಳಿಯನ್ನು ಕೊರೆಯುವುದು ಅದರಿಂದಲೇ.

ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಏಕೆ ಆಗದು ಎಂಬುದಕ್ಕೆ ಲೆಕ್ಕವಿದೆ. ಕೊಯ್ಯುವ ವಸ್ತುವಿನ ದಪ್ಪದೊಳಗೆ ಯಾವಾಗಲೂ ಕನಿಷ್ಠ ಎರಡು ಹಲ್ಲುಗಳಾದರೂ ಇರಬೇಕು. ಇಲ್ಲವಾದರೆ ವಸ್ತು ಎರಡು ಹಲ್ಲುಗಳ ನಡುವಿನ ಸಂದಿಗೆ ಬಿದ್ದು ಗರಗಸ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಹ್ಯಾಕ್ಸಾ ಅಲಗಿನಲ್ಲಿ ಇಂಚಿಗೆ 24 ಹಲ್ಲು, ಅಂದರೆ ಒಂದು ಮಿ.ಮೀ.ಗೆ ಒಂದು ಹಲ್ಲೂ ಪೂರ್ತಿ ಇಲ್ಲ. ಮಾದರಿ ಹಳಿಯ ತಲೆಯ ಅಗಲವೇ ಒಂದು ಮಿ.ಮೀ. ಆಸುಪಾಸು. ಅಕ್ಕಸಾಲಿಗರ 2/0 ಸಂಖ್ಯೆಯ ಅಲಗಿನಲ್ಲಿ ಇಂಚಿಗೆ 50ಕ್ಕೂ ಹೆಚ್ಚು ಹಲ್ಲುಗಳಿರುವುದರಿಂದ ಪ್ರತಿ ಅರ್ಧ ಮಿ.ಮೀ.ಗೆ ಒಂದರಂತೆ ಹಲ್ಲು ಸಿಗುತ್ತದೆ. ಹಳಿ ಬೆಣ್ಣೆಯಂತೆ ಕೊಯ್ದುಹೋಗುತ್ತದೆ.

ಈ ಅಲಗುಗಳನ್ನು ಡಜನ್ ಲೆಕ್ಕದಲ್ಲಿ ಮಾರುತ್ತಾರೆ. ಅದಕ್ಕೂ ಕಾರಣವುಂಟು, ಹೊಸಬರು ಮೊದಲ ದಿನವೇ ಅರ್ಧ ಡಜನ್ ಮುರಿಯುತ್ತಾರೆ. ಪೋಷಕರು ಗದರಬಾರದು. ಹಲ್ಲುಗಳು ಹಿಡಿಕೆಯ ಕಡೆಗೆ ಮುಖಮಾಡಿರುವಂತೆ ಅಲಗನ್ನು ಕೂರಿಸಬೇಕು, ಕೆಳಕ್ಕೆ ಎಳೆಯುವಾಗ ಮಾತ್ರ ಕೊಯ್ಯಬೇಕು. ಚೌಕಟ್ಟನ್ನು ಮೇಜಿಗೆ ಒತ್ತಿ ಸ್ವಲ್ಪ ಬಗ್ಗಿಸಿ ಸ್ಕ್ರೂ ಬಿಗಿದರೆ ಅಲಗು ವೀಣೆಯ ತಂತಿಯಂತೆ ಮಿಡಿಯುತ್ತದೆ. ಸಡಿಲ ಅಲಗೇ ಮುರಿಯುವುದು. ನಡುನಡುವೆ ಜೇನುಮೇಣ ಸವರಬೇಕು. ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಅಕ್ಕಸಾಲಿಗರ ಎದುರು ಹತ್ತು ನಿಮಿಷ ಕುಳಿತು ನೋಡುವುದು ಲೇಸು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ ಹೋಗಿ, 'ಮಾಮಾ, ಅಲಗು ಹೇಗೆ ಬಿಗಿಯೂದು ಒಂದ್ಸಲ ತೋರಿಸ್ತ್ರ್ಯಾ?' ಎಂದು ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಹತಾರದ ಅಂಗಡಿಯ ವಿಳಾಸವನ್ನೂ ಅವರೇ ಹೇಳುತ್ತಾರೆ.

ಅದೇ ಅಂಗಡಿಯಲ್ಲಿ ಇನ್ನೂ ಎರಡು ಸಾಮಾನು ಕೊಳ್ಳಬಹುದು. ಒಂದು, ಸೂಜಿ ಅರಗಳ ಕಟ್ಟು. ಚಪ್ಪಟೆ, ದುಂಡು, ಅರೆದುಂಡು, ಮುಮ್ಮೂಲೆ, ಚೌಕ ಈ ಐದಿದ್ದರೆ ಸಾಕು. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಎತ್ತಬೇಕು. ಇನ್ನೊಂದು ಪಿನ್‌ವೈಸ್, ಅಂದರೆ ಬೆರಳಲ್ಲೇ ತಿರುಗಿಸುವ ಪುಟ್ಟ ಬೈರಿಗೆ. ಅರ್ಧ ಮಿಲಿಮೀಟರಿನ ತೂತನ್ನೂ ಅದರಿಂದ ಕೊರೆಯಬಹುದು. ವಿದ್ಯುತ್ ಡ್ರಿಲ್ಲು ಇಷ್ಟು ಸಣ್ಣ ಮೊನೆಯನ್ನು ಕಣ್ಣು ಮಿಟುಕಿಸುವುದರಲ್ಲಿ ಮುರಿಯುತ್ತದೆ.

ಕಂಬಚ್ಚನ್ನು ಕೊಳ್ಳುವುದು ಬೇಡ, ನೋಡಿ ಬಂದರೆ ಸಾಕು. ಸಾಲಾಗಿ ಕಿರಿದಾಗುತ್ತ ಹೋಗುವ ತೂತುಗಳ ಉಕ್ಕಿನ ಪಟ್ಟಿಯದು. ಅದರಲ್ಲಿ ತಂತಿಯನ್ನು ಎಳೆದೆಳೆದು ಎಳೆಯಾಗಿಸುತ್ತಾರೆ. 2022ರಲ್ಲಿ ಕೊಂಕಣ ಮಾರ್ಗದ ವಿದ್ಯುದೀಕರಣ ಮುಗಿದ ಮೇಲೆ ಹಳಿಯ ಮೇಲೆ ತಂತಿಯೂ ಬಂದಿದೆಯಷ್ಟೆ. ಆ ತಂತಿಯ ದಪ್ಪ ಸುಮಾರು 12 ಮಿ.ಮೀ.; 1:100ರಲ್ಲಿ 0.12 ಮಿ.ಮೀ., ತಲೆಗೂದಲಿನಷ್ಟು! ಅಷ್ಟು ತೆಳು ಮಾಡಿದರೆ ಕೈ ತಾಗಿದರೆ ಹರಿಯುತ್ತದೆ. ಮೂರು ಪಟ್ಟು ದಪ್ಪದ ತಾಮ್ರದ ತಂತಿ ಹಾಕಿ, ಪ್ರಮಾಣದ ವಿಷಯದಲ್ಲಿ ಸ್ವಲ್ಪ ಕಣ್ಣು ಮುಚ್ಚಿಕೊಳ್ಳುವುದೇ ಜಾಣತನ.

ಗಡಿಯಾರದವರ ಮೇಜು

ಎಂಜಿನ್ ಬಿಚ್ಚುವ ಕೆಲಸಕ್ಕೆ ಬೇಕಾದದ್ದು ಗಡಿಯಾರ ರಿಪೇರಿಯವರ ಹತಾರ. ಪುಟ್ಟ ಸ್ಕ್ರೂಡ್ರೈವರ್‌ಗಳ ಒಂದು ಸೆಟ್, ಮೊನಚು ತುದಿಯ ಚಿಮುಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಸೀಳಿನ ಉದ್ದವನ್ನು ಪೂರ್ತಿ ತುಂಬಬೇಕು. ಚಿಕ್ಕದಾದರೆ ಒತ್ತಡವೆಲ್ಲ ಒಂದೇ ಜಾಗಕ್ಕೆ ಬಿದ್ದು ಸೀಳು ಕಿತ್ತುಹೋಗುತ್ತದೆ. ಚಿಮುಟ ಕೊಳ್ಳುವಾಗ ಬೆಳಕಿಗೆ ಹಿಡಿದು ಮುಚ್ಚಿ ನೋಡಬೇಕು. ತುದಿ ಮೊದಲು ಕೂಡಬೇಕು, ನಡುವೆ ಬೆಳಕು ಕಾಣಬೇಕು.

ಭೂತಗನ್ನಡಿಯ ವಿಷಯದಲ್ಲಿ ಮಕ್ಕಳು ಹತ್ತು ಪಟ್ಟಿನದ್ದೇ ಬೇಕೆನ್ನುತ್ತಾರೆ. ಸುಮ್ಮನೆ ದುಡ್ಡು ದಂಡ. ಮಸೂರದ ಹಿಗ್ಗಿಸುವ ಶಕ್ತಿ ಹೆಚ್ಚಿದಷ್ಟೂ ಅದರ ನಾಭಿದೂರ ಕಡಿಮೆ. ಹತ್ತು ಪಟ್ಟಿನದ್ದಾದರೆ ವಸ್ತುವನ್ನು ಎರಡೂವರೆ ಸೆಂ.ಮೀ. ಹತ್ತಿರ ಹಿಡಿಯಬೇಕು; ನಡುವೆ ಸ್ಕ್ರೂಡ್ರೈವರ್ ತೂರಿಸುವುದೆಲ್ಲಿ? ಮೂರು ಪಟ್ಟಿನದ್ದರಲ್ಲಿ ಎಂಟು ಸೆಂ.ಮೀ. ಜಾಗ ಸಿಗುತ್ತದೆ. ಕೈಯಾಡಲು ಅಷ್ಟು ಬೇಕು.

ಮೊಬೈಲು ಬಂದ ಮೇಲೆ ಕೈಗಡಿಯಾರ ಕಟ್ಟುವವರು ಕಡಿಮೆಯಾಗಿ, ಗಡಿಯಾರ ರಿಪೇರಿಯ ಮೇಜುಗಳೂ ಒಂದೊಂದಾಗಿ ಎದ್ದುಹೋಗಿವೆ. ಉಳಿದವರ ಬಳಿ ಇರುವ ಹತಾರಗಳಲ್ಲಿ ಕೆಲವು ಅಂಗಡಿಯಲ್ಲಿ ಈಗ ಸಿಗುವುದಕ್ಕಿಂತ ಎಷ್ಟೋ ಮೇಲು. ವೃತ್ತಿ ಬಿಡುವವರು ಮಾರುವುದಾದರೆ ಚೌಕಾಸಿ ಮಾಡದೆ ಕೊಳ್ಳಬೇಕಾದ ಸಾಮಾನು ಅವು.

ಹಳಿ ತಪ್ಪುವ ಡಬ್ಬಿ

ಈಗ ಭಟ್ಕಳದ ಆ ಹಟಮಾರಿ ಡಬ್ಬಿಯ ಕಡೆಗೆ ಬರೋಣ. ಅದೇ ತಿರುವಿನಲ್ಲಿ ಅದೊಂದೇ ಡಬ್ಬಿ ಏಕೆ ಹಳಿ ತಪ್ಪಬೇಕು? ಹಳಿಯದ್ದೇ ದೋಷವಾದರೆ ಎಲ್ಲ ಡಬ್ಬಿಗಳೂ ತಪ್ಪಬೇಕಿತ್ತು. ಆದ್ದರಿಂದ ಗಾಲಿಯನ್ನು ಅಳೆದು ನೋಡಬೇಕು. ಒಂದು ಅಚ್ಚಿನ ಎರಡು ಗಾಲಿಗಳ ಒಳಮೈಗಳ ನಡುವಿನ ಅಂತರ 16.5 ಮಿ.ಮೀ. ಹಳಿಯ ರೈಲಿನಲ್ಲಿ ಸುಮಾರು 14.5 ಮಿ.ಮೀ. ಇರಬೇಕು. ಗಾಲಿ ಅಚ್ಚಿನ ಮೇಲೆ ಅರ್ಧ ಮಿ.ಮೀ. ಜಾರಿದರೂ ತಿರುವಿನಲ್ಲಿ ಗಾಲಿಯ ಅಂಚು ಹಳಿಯ ಮೇಲೆ ಹತ್ತುತ್ತದೆ.

ಇದನ್ನು ಅಳೆಯಲು ವಿಶೇಷ ಗೇಜುಗಳನ್ನು ಮಾರುತ್ತಾರೆ. ಆದರೆ ಪ್ರತಿ ಪಿಯು ಕಾಲೇಜಿನ ಪ್ರಯೋಗಾಲಯದಲ್ಲೂ ವರ್ನಿಯರ್ ಕ್ಯಾಲಿಪರ್ ಇದೆ. ಲಘುತಮ ಅಳತೆ 0.1 ಮಿ.ಮೀ., ಶೂನ್ಯ ದೋಷ, ಎಂದೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿ, ಸೀಸದ ಗುಂಡಿನ ವ್ಯಾಸ ಬರೆದು ಮರೆಯುವ ಅದೇ ಉಪಕರಣ! ಅದರಿಂದ ಒಮ್ಮೆ ಸರಿಯಾಗಿ ಅಳೆದು, ಹಿತ್ತಾಳೆ ಪಟ್ಟಿಯೊಂದನ್ನು 14.5 ಮಿ.ಮೀ. ಅಗಲಕ್ಕೆ ಅರದಿಂದ ಉಜ್ಜಿ ಇಟ್ಟುಕೊಂಡರೆ ಮನೆಯಲ್ಲೇ ಗೇಜು ಸಿದ್ಧ. ಪಟ್ಟಿ ಗಾಲಿಗಳ ನಡುವೆ ಅಲುಗಾಡದೆ, ಬಿಗಿಯಾಗದೆ ಕೂರಬೇಕು. ತಾನೇ ಮಾಡಿದ ಗೇಜಿನಿಂದ ಗಾಲಿ ಸರಿಪಡಿಸಿ, ಡಬ್ಬಿ ತಿರುವು ದಾಟುವುದನ್ನು ನೋಡಿದ ಹುಡುಗನಿಗೆ ವರ್ನಿಯರ್ ಮತ್ತೆಂದೂ ಮರೆಯುವುದಿಲ್ಲ.

ಬಿಸಿ ಕೆಲಸ

ಎಂಜಿನ್ ತಡವರಿಸುವುದಕ್ಕೆ ಬೇರೆ ಕಾರಣ. ಮಾದರಿ ರೈಲಿಗೆ ಹಳಿಯೇ ವಿದ್ಯುತ್ ತಂತಿ. ಒಂದು ಹಳಿ ಧನ, ಇನ್ನೊಂದು ಋಣ, ಸಾಮಾನ್ಯವಾಗಿ 12 ವೋಲ್ಟ್ ನೇರ ವಿದ್ಯುತ್. ಹಳಿಗಳ ಜೋಡಣೆ ಸಡಿಲಾದಲ್ಲಿ ರೋಧ ಹೆಚ್ಚಿ ಎಂಜಿನ್‌ಗೆ ಶಕ್ತಿ ಸಾಲುವುದಿಲ್ಲ. ಹಳಿಗೆ ಅಲ್ಲಲ್ಲಿ ತಂತಿ ಬೆಸೆದು ನೇರವಾಗಿ ವಿದ್ಯುತ್ ಕೊಡುವುದೇ ಪರಿಹಾರ. ಎಲ್ಲಿ ಕಡಿದಿದೆ ಎಂದು ಕಂಡುಹಿಡಿಯಲು ಒಂದು ಸಾಧಾರಣ ಮಲ್ಟಿಮೀಟರ್ ಬೇಕು, ಬೆಸೆಯಲು ಸೋಲ್ಡರಿಂಗ್ ಐರನ್.

ಇಲ್ಲಿ ಪೋಷಕರು ತಪ್ಪುವುದು ಸಹಜ. ಮಗುವಿಗೆ ಕಡಿಮೆ ವ್ಯಾಟಿನದ್ದೇ ಸುರಕ್ಷಿತವೆಂದು ತೀರಾ ಚಿಕ್ಕದನ್ನು ಕೊಡಿಸುತ್ತಾರೆ. ತವರ-ಸೀಸದ ಬೆಸುಗೆ ಕರಗುವುದು 183ರಿಂದ 190 ಡಿಗ್ರಿ ಸೆಲ್ಷಿಯಸ್‌ನಲ್ಲಿ. ಹಳಿ ಲೋಹದ್ದಾದ್ದರಿಂದ ಶಾಖವನ್ನು ಎಳೆದುಕೊಂಡು ದೂರ ಒಯ್ಯುತ್ತದೆ. ದುರ್ಬಲ ಐರನ್ ಹಿಡಿದು ಅರ್ಧ ನಿಮಿಷ ಕಾದರೂ ಬೆಸುಗೆ ಕರಗುವುದಿಲ್ಲ, ಅಷ್ಟರಲ್ಲಿ ಕೆಳಗಿನ ಪ್ಲಾಸ್ಟಿಕ್ ಸ್ಲೀಪರ್ ಕರಗಿರುತ್ತದೆ! ತಂತಿಗಳಿಗೆ 25 ವ್ಯಾಟ್ ಸಾಕು. ಹಳಿಗೆ ಅದಕ್ಕಿಂತ ಹೆಚ್ಚಿನದ್ದು ಬೇಕು, ಎರಡು ಸೆಕೆಂಡಿನಲ್ಲಿ ಮುಟ್ಟಿಸಿ ತೆಗೆಯಬೇಕು. ಪಕ್ಕದ ಸ್ಲೀಪರ್ ಮೇಲೆ ಒದ್ದೆ ಹತ್ತಿ ಇಟ್ಟರೆ ಅದು ಉಳಿಯುತ್ತದೆ. ರಾಳದ ಫ್ಲಕ್ಸ್ ಬಳಸಬೇಕು. ಆಮ್ಲದ್ದು ಹಳಿಯನ್ನು ತಿನ್ನುತ್ತದೆ.

ಸೀಸ ವಿಷವೆಂಬುದನ್ನು ಮರೆಯಬಾರದು. ಸೀಸವಿಲ್ಲದ ಬೆಸುಗೆಯೂ ಸಿಗುತ್ತದೆ, ಅದು ಕರಗಲು ಇನ್ನಷ್ಟು ಶಾಖ ಬೇಕು. ಯಾವುದೇ ಆದರೂ ಕಿಟಕಿ ತೆರೆದಿರಬೇಕು, ಕೆಲಸದ ಮೇಜಿನ ಮೇಲೆ ತಿಂಡಿ ಇರಬಾರದು, ಮುಗಿಸಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಹನ್ನೆರಡರ ಒಳಗಿನವರಿಗೆ ಐರನ್ ಕೊಟ್ಟು ದೊಡ್ಡವರು ಪಕ್ಕದಿಂದ ಏಳಬಾರದು. 230 ವೋಲ್ಟಿನ ಕಡೆಯ ಯಾವ ಪೆಟ್ಟಿಗೆಯನ್ನೂ ಬಿಚ್ಚುವಂತಿಲ್ಲ. ಕೆಟ್ಟರೆ ಹೊಸ ಅಡಾಪ್ಟರ್ ಕೊಳ್ಳುವುದೊಂದೇ ದಾರಿ. ಹಳಿ ಕತ್ತರಿಸುವಾಗ ತುಂಡು ಗುಂಡಿನಂತೆ ಸಿಡಿಯುತ್ತದೆ. ಹಾಗಾಗಿ ಮೊಟ್ಟಮೊದಲು, ಗರಗಸಕ್ಕಿಂತಲೂ ಮೊದಲು ಕೊಳ್ಳಬೇಕಾದದ್ದು ಕಣ್ಣಿಗೆ ಹಾಕುವ ಪ್ಲಾಸ್ಟಿಕ್ ಕನ್ನಡಕ.

ಗುಡಿಗಾರರ ಉಳಿ

ನಿಲ್ದಾಣ, ಗುಡ್ಡ, ಮರಗಳ ಕೆಲಸಕ್ಕೆ ಬಂದರೆ ಈ ಸೀಮೆಗೆ ಗುರುಗಳ ಕೊರತೆಯಿಲ್ಲ. ಕುಮಟಾ, ಹೊನ್ನಾವರ, ಶಿರಸಿ, ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಬೆಂಡಿನಲ್ಲಿ ಬಾಸಿಂಗ ಮಾಡುವವರೂ ಅವರೇ. ಕೆತ್ತನೆಯವರ ಹತ್ತಿರ ಸಾಲುಸಾಲು ಉಳಿಗಳಿರುತ್ತವೆ, ಆದರೆ ದಿನದಲ್ಲಿ ಎಷ್ಟೋ ಹೊತ್ತು ಅವರ ಕೈ ಸಾಣೆಕಲ್ಲಿನ ಮೇಲೇ ಇರುತ್ತದೆ. ಮಂದ ಉಳಿಯನ್ನು ಬಲವಾಗಿ ಒತ್ತಬೇಕು, ಒತ್ತಿದ್ದು ಜಾರಿದರೆ ಬೆರಳಿಗೇ. ಹರಿತವಾದದ್ದು ತುಸು ಒತ್ತಿದರೂ ಸಾಕು. ಒತ್ತಡವೆಂದರೆ ಬಲ ಭಾಗಿಸು ವಿಸ್ತೀರ್ಣ ಎಂಬ ಎಂಟನೆಯ ತರಗತಿಯ ಪಾಠವೇ ಇದು. ಮಗುವಿಗೆ ಚಾಕು ಕೊಡಿಸುವ ಮನೆಯವರು ಜೊತೆಗೆ ಸಾಣೆಕಲ್ಲನ್ನೂ ಕೊಡಿಸಬೇಕು. ಮುರಿದ ಹ್ಯಾಕ್ಸಾ ಅಲಗನ್ನು ಸಾಣೆ ಹಿಡಿಸಿ, ಹಿಡಿಕೆಗೆ ಬಟ್ಟೆ ಸುತ್ತಿದರೆ ಅಂಗಡಿಯ ಎಷ್ಟೋ ಚಾಕುಗಳಿಗಿಂತ ಚೆನ್ನ.

ಈ ಹವ್ಯಾಸ ಹುಡುಗರಿಗೆ ಮಾತ್ರ ಎಂಬ ಭಾವನೆ ಯಾಕೆ ಬಂತೋ. ಭಟ್ಕಳ ಮಲ್ಲಿಗೆಯ ಸಣ್ಣ ಮೊಗ್ಗನ್ನು ಕಣ್ಣು ಹಾಯಿಸದೆಯೇ ಕಟ್ಟುವ ಹುಡುಗಿಯರ ಬೆರಳಿಗೆ ಚಿಮುಟ ಹಿಡಿಯುವುದು ಕಲಿಸಬೇಕಾದ ವಿದ್ಯೆಯೇ ಅಲ್ಲ.

ಗುಡ್ಡಕ್ಕೆ ಬಣ್ಣದ ಪುಡಿ ಕೊಳ್ಳಬೇಕಿಲ್ಲ. ಚಿರೆಕಲ್ಲಿನ ಪುಡಿಯನ್ನು ಜರಡಿ ಹಿಡಿದರೆ ಕೊಂಕಣ ರೈಲಿನ ಕಣಿವೆಯ ಬಣ್ಣವೇ ಬರುತ್ತದೆ. ಹಳಿಯ ನಡುವೆ ಹರಡಲು ಕಡಲ ಮರಳನ್ನು ತರುವವರು ಒಂದು ಎಚ್ಚರ ವಹಿಸಬೇಕು. ಅದರಲ್ಲಿ ಉಪ್ಪಿರುತ್ತದೆ, ಕಬ್ಬಿಣಾಂಶದ ಕಪ್ಪು ಕಣಗಳೂ ಇರುತ್ತವೆ. ಉಪ್ಪು ತುಕ್ಕು ತರುತ್ತದೆ. ಕಪ್ಪು ಕಣಗಳು ಎಂಜಿನ್ ಮೋಟಾರಿನ ಅಯಸ್ಕಾಂತಕ್ಕೆ ಅಂಟಿ ಅದನ್ನು ನಿಲ್ಲಿಸುತ್ತವೆ. ಮೂರು ನೀರಿನಲ್ಲಿ ತೊಳೆದು ಒಣಗಿಸಿ, ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರಲ್ಲಿ ಆಡಿಸಿದರೆ ಕಪ್ಪು ಕಣಗಳ ಗಡ್ಡವೇ ಬೆಳೆಯುತ್ತದೆ. ಹಳಿ ಕೊಳ್ಳುವಾಗಲೂ ಉಕ್ಕಿನದ್ದು ಬೇಡ, ಈ ಉಪ್ಪುಗಾಳಿಗೆ ನಿಕ್ಕಲ್ ಸಿಲ್ವರ್‌ನದ್ದೇ ಆಗಬೇಕು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ.

ಎಲ್ಲವನ್ನೂ ಪ್ರತಿ ಮನೆಯೂ ಕೊಳ್ಳಬೇಕೆಂದೇನೂ ಇಲ್ಲ. 2016ರಿಂದ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್‌ಗಳು ಇರುತ್ತವೆ. ಆರನೆಯ ತರಗತಿಯಿಂದ ಮೇಲಿನವರು ಬಳಸಬಹುದು. ಬೀಗ ಹಾಕಿಟ್ಟಿದ್ದರೆ ಪೋಷಕರು ಹೋಗಿ ಕೇಳಬೇಕು. ಪ್ರವಾಸಕ್ಕೆ ಪುಣೆಯ ಕಡೆ ಹೋಗುವವರು ಕೋಥ್ರೂಡ್‌ನಲ್ಲಿ ಭಾವು ಜೋಶಿಯವರು ಕಟ್ಟಿದ ಪುಟ್ಟ ರೈಲುಗಳ ಸಂಗ್ರಹಾಲಯ ನೋಡಿ ಬರಬಹುದು. ಕೊಂಕಣ ರೈಲು ಪೂರ್ತಿಯಾದ 1998ರಲ್ಲೇ ಅದೂ ತೆರೆದದ್ದು ಒಂದು ಸೋಜಿಗ. ನಿಜವಾದ ಎಂಜಿನ್ನಿನ ಅಳತೆ ತೆಗೆಯುವವರಿಗೆ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಇದ್ದೇ ಇದೆ.

ಜೂನ್‌ನಲ್ಲಿ ಮಳೆಗಾಲದ ವೇಳಾಪಟ್ಟಿ ಜಾರಿಗೆ ಬಂದು ಕೊಂಕಣದ ಗಾಡಿಗಳ ವೇಗ ತಗ್ಗುತ್ತದೆ. ಮಕ್ಕಳ ಆಟದ ಬಯಲು ನೀರಾಗಿ ಸಂಜೆಗಳು ಮನೆಯೊಳಗೇ ಕಳೆಯುತ್ತವೆ. ಕೆಲಸಕ್ಕೆ ಅದೇ ಒಳ್ಳೆಯ ಕಾಲ, ಹತಾರಕ್ಕೆ ಮಾತ್ರ ಕೆಟ್ಟ ಕಾಲ. ಒರೆಸದೆ ಇಟ್ಟ ಅರ ಒಂದು ವಾರದಲ್ಲಿ ಕೆಂಪಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆಯಲ್ಲಿ ಒಂದೊಂದನ್ನೂ ಬೇರೆಬೇರೆ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು, ಔಷಧಿ ಬಾಟಲಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗೆ ಹಾಕಬೇಕು. ಗರಗಸದ ಅಲಗು ಎರಡು ಡಜನ್ನನ್ನು ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳುವುದು ಒಳ್ಳೆಯದು. ಮೊದಲ ಡಜನ್ ಹೇಗಿದ್ದರೂ ಜೂನ್ ಮುಗಿಯುವುದರೊಳಗೆ ಮುರಿದಿರುತ್ತದೆ.